ಪಿಎಫ್ ಮಾಲೀಕರ ಪೋರ್ಟಲ್: ಹಣ ಕಟ್ಟುವುದು ಸುಲಭ, ತಪ್ಪು ತಿದ್ದುವುದು ಕಷ್ಟ

ಹೊಸದಾಗಿ ಕೆಲಸಕ್ಕೆ ಜನ ಇಟ್ಟುಕೊಂಡವರು ಹೆದರುವುದು ಪ್ರತಿ ತಿಂಗಳ 15ನೇ ತಾರೀಖಿಗೆ, ಪಿಎಫ್ ಹಣ ಕಟ್ಟುವ ಗಡುವಿಗೆ. ಪಿಎಫ್ ಸಂಸ್ಥೆಯ ಮಾಲೀಕರ ಪೋರ್ಟಲ್ ಬಳಸುವವರು ನಿಜವಾಗಿ ಎಚ್ಚರ ವಹಿಸಬೇಕಾದ ದಿನ ಅದಲ್ಲ, ಕೆಲಸಗಾರ ಸೇರಿದ ಮೊದಲ ದಿನ. ಹಣ ಕಟ್ಟಿಸಿಕೊಳ್ಳುವ ಕೆಲಸವನ್ನು ಪೋರ್ಟಲ್ ಚೆನ್ನಾಗಿಯೇ ಮಾಡುತ್ತದೆ. ಅಂದು ತಪ್ಪಾಗಿ ತುಂಬಿದ ಹೆಸರು, ಹುಟ್ಟಿದ ದಿನಾಂಕ ಮಾತ್ರ ವರ್ಷಗಟ್ಟಲೆ ಕಾಡುತ್ತವೆ.

20 ಜನರಾದರೆ ಪಿಎಫ್ ಕಡ್ಡಾಯ. ಗುತ್ತಿಗೆಯವರೂ ಈ ಲೆಕ್ಕಕ್ಕೆ ಬರುತ್ತಾರೆ, ಒಮ್ಮೆ ಒಳಗೆ ಬಂದರೆ ಜನ ಕಡಿಮೆಯಾದರೂ ಬಿಡುಗಡೆಯಿಲ್ಲ. ಕಡಿಮೆ ಜನರಿದ್ದರೂ ಸ್ವಇಚ್ಛೆಯಿಂದ ಸೇರಬಹುದು.

ಮೊದಲು ಹೊಸ ಕೆಲಸಗಾರ ತುಂಬಿಕೊಡುವ ಫಾರಂ 11. ಹಿಂದೆ ಪಿಎಫ್ ಇತ್ತಾ, ಪಿಂಚಣಿ ಯೋಜನೆಯಲ್ಲಿದ್ದರಾ ಎಂದು ಅದು ಕೇಳುತ್ತದೆ. ಅವಸರದಲ್ಲಿ ‘ಇಲ್ಲ’ ಎಂದು ಬರೆಸಿಕೊಂಡರೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ 12 ಅಂಕಿಯ ಪಿಎಫ್ ಸಂಖ್ಯೆ) ಇದ್ದವರಿಗೆ ಇನ್ನೊಂದು ಯುಎಎನ್ ಹುಟ್ಟಿ, ಹಣ ಎರಡು ಕಡೆ ಹಂಚಿಹೋಗಬಹುದು. ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ, ಇನಿಷಿಯಲ್ ಸಮೇತ ಹಾಕಿ. ಆಧಾರ್‌ನಲ್ಲಿ ‘ಮಂಜುನಾಥ ಎಚ್’ ಇದ್ದು ನೀವು ‘ಎಚ್ ಮಂಜುನಾಥ್’ ಎಂದು ತುಂಬಿದರೆ, ಮುಂದೆ ಜಂಟಿ ಘೋಷಣೆಯ, ಅಂದರೆ ಮಾಲೀಕ ಮತ್ತು ಕೆಲಸಗಾರ ಸೇರಿ ಕೊಡುವ ತಿದ್ದುಪಡಿ ಅರ್ಜಿಯ, ಸುತ್ತಾಟ ಶುರುವಾಗಬಹುದು.

ಇನ್ನು ಲೆಕ್ಕ. ಪಿಎಫ್ ಸಂಬಳ (ಪಿಎಫ್ ಲೆಕ್ಕಕ್ಕೆ ಹಿಡಿಯುವ ಸಂಬಳ) 15,000 ಇರುವ ಮೂವರನ್ನು ತೆಗೆದುಕೊಳ್ಳಿ. ಒಬ್ಬೊಬ್ಬರಿಂದ 12%, ಅಂದರೆ 1,800 ರೂಪಾಯಿ ಹಿಡಿಯಬೇಕು. ನಿಮ್ಮ ಪಾಲಿನ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ ಹೋಗುತ್ತದೆ. ಇದರ ಮೇಲೆ ವಿಮೆಗೆ 0.5%, ತಲಾ 75 ರೂಪಾಯಿ. ಆಡಳಿತ ಶುಲ್ಕವೂ 0.5%ರಂತೆ ಮೂವರಿಗೆ 225 ಆಗಬೇಕಿತ್ತು, ಆದರೆ ಸಂಸ್ಥೆಗೆ ಕನಿಷ್ಠ 500 ಎಂಬ ನಿಯಮವಿದೆ. ಎಲ್ಲ ಸೇರಿ ಚಲನ್ 11,525. ಚಿಕ್ಕ ಸಂಸ್ಥೆಗಳ ಲೆಕ್ಕ ತಾಳೆಯಾಗದಿರಲು ಬಹಳ ಸಲ ಈ 500 ರೂಪಾಯಿಯೇ ಕಾರಣ.

ಪೋರ್ಟಲ್‌ಗೆ ಏರಿಸಬೇಕಾದ ಇಸಿಆರ್, ಅಂದರೆ ತಿಂಗಳ ಲೆಕ್ಕದ ಪಟ್ಟಿ, ಒಂದು ಸಾದಾ ಟೆಕ್ಸ್ಟ್ ಫೈಲ್. ತಲಾ ಒಂದು ಸಾಲು, ಸಾಲಿಗೆ 11 ಕಲಂ, ನಡುವೆ #~# ಗುರುತು. ಯುಎಎನ್ ಮತ್ತು ಹೆಸರಾದ ಮೇಲೆ ಒಟ್ಟು ಸಂಬಳ, ಪಿಎಫ್ ಸಂಬಳ, ಪಿಂಚಣಿ ಸಂಬಳ, ವಿಮೆಯ ಸಂಬಳ, ಆಮೇಲೆ ಕಟ್ಟುವ ಪಾಲುಗಳು ಬರುತ್ತವೆ. ಸಾಲು ಹೀಗಿರುತ್ತದೆ:

15000#~#15000#~#15000#~#15000#~#1800#~#1250#~#550#~#0#~#0

ಕೊನೆಯಿಂದ ಎರಡನೆಯದು ಸಂಬಳವಿಲ್ಲದ ರಜೆಯ ದಿನಗಳು. ಅದನ್ನು ಮರೆಯುವವರು ಬಹಳ. ಎಕ್ಸೆಲ್‌ನಲ್ಲಿ ತಯಾರಿಸುವವರು ಯುಎಎನ್ ಕಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ, ಇಲ್ಲದಿದ್ದರೆ 12 ಅಂಕಿಯನ್ನು ಅದು ಮೊಟಕು ಮಾಡಿ ತೋರಿಸಿ, ಫೈಲ್ ತಿರಸ್ಕೃತವಾಗುತ್ತದೆ.

ಪಿಂಚಣಿ ಕಲಂನಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. 2014ರ ಸೆಪ್ಟೆಂಬರ್ 1ರಿಂದೀಚೆಗೆ ಮೊದಲ ಸಲ ಪಿಎಫ್‌ಗೆ ಸೇರಿದವರ ಸಂಬಳ ಸೇರುವಾಗಲೇ 15,000 ದಾಟಿದ್ದರೆ ಅವರಿಗೆ ಪಿಂಚಣಿ ಯೋಜನೆ ಇಲ್ಲ. ಪಿಂಚಣಿ ಸಂಬಳ ಸೊನ್ನೆ ಹಾಕಿ, ನಿಮ್ಮ 12% ಪೂರ್ತಿ ಪಿಎಫ್‌ಗೇ ಕಟ್ಟಬೇಕು. 58 ತುಂಬಿದವರಿಗೂ ಸಾಮಾನ್ಯವಾಗಿ ಹಾಗೆಯೇ. ಎಲ್ಲರಿಗೂ ಕಣ್ಮುಚ್ಚಿ 1,250 ಹಾಕಿದರೆ ಈಗ ಏನೂ ಗೊತ್ತಾಗುವುದಿಲ್ಲ. ಕೆಲಸಗಾರ ಹಣ ತೆಗೆಯಲು ಹೋದಾಗ ಅರ್ಜಿ ಅಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಅವರು ನಿಮ್ಮಲ್ಲಿ ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ.

ತಡ ಮಾಡಿದರೆ ವರ್ಷಕ್ಕೆ 12% ಬಡ್ಡಿ, ಮೇಲೆ ದಂಡ. ಅದಕ್ಕಿಂತ ದೊಡ್ಡ ಪೆಟ್ಟು ಆದಾಯ ತೆರಿಗೆಯಲ್ಲಿತ್ತು: ಕೆಲಸಗಾರರಿಂದ ಹಿಡಿದ ಪಾಲನ್ನು ಗಡುವು ಮೀರಿ ಕಟ್ಟಿದರೆ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. ಹಾಗಾಗಿ 10ನೇ ತಾರೀಖಿಗೇ ಕಟ್ಟಿಬಿಡಿ. ಖಾತೆಯಿಂದ ಹಣ ಹೋಗಿ ಚಲನ್ ಇನ್ನೂ ಬಾಕಿ ತೋರಿಸುತ್ತಿದ್ದರೆ ಮತ್ತೆ ಕಟ್ಟಬೇಡಿ, ಚಲನ್‌ನ ಗುರುತಿನ ಸಂಖ್ಯೆಯಾದ ಟಿಆರ್‌ಆರ್‌ಎನ್ ಹಾಕಿ ಸ್ಥಿತಿ ನೋಡಿ.

ಇದರ ಪಕ್ಕದಲ್ಲಿ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ ಸರಳ. 10 ಜನರಾದರೆ ಅನ್ವಯ, ಸಂಬಳದ ಮಿತಿ ತಿಂಗಳಿಗೆ 21,000, ಕೆಲಸಗಾರರದು 0.75%, ನಿಮ್ಮದು 3.25%, ಗಡುವು 15. ಅಕ್ಟೋಬರ್–ಮಾರ್ಚ್ ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಮಾರ್ಚ್‌ವರೆಗೆ ಹಿಡಿಯಲೇಬೇಕು, ಇದೊಂದು ನೆನಪಿರಲಿ. ಕರ್ನಾಟಕದ ವೃತ್ತಿ ತೆರಿಗೆ ಇನ್ನೂ ಸುಲಭ: 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ರೂಪಾಯಿ, 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300, ಗಡುವು 20.

ಪಿಎಫ್ ಪೋರ್ಟಲ್‌ಗೆ ಐದರಲ್ಲಿ ಮೂರು ಅಂಕ. ಫಾರಂ 11, ಆಧಾರ್ ಪ್ರತಿ, ಹಳೆಯ ಯುಎಎನ್ ಮೂರೂ ಕೈಗೆ ಬಂದ ಮೇಲೆಯೇ ಹೊಸಬರ ಹೆಸರು ಸೇರಿಸುವ ಕಚೇರಿಗೆ ಇದನ್ನು ನಡೆಸಲು ಬೇರೆ ಸಲಹೆಗಾರರು ಬೇಕಾಗುವುದಿಲ್ಲ.