ಮಾವಿನ ಜಾಮ್‌ಗೆ 63 ಎಂಎಂ ಮುಚ್ಚಳದ ಗಾಜಿನ ಬಾಟಲಿ: ಕೊಳ್ಳಬಹುದಾ?

ಮನೆಯಲ್ಲಿ ಮಾಡಿದ ಜಾಮ್ ಫ್ರಿಜ್ ಇಲ್ಲದೆ ಮುಂದಿನ ಮಾವಿನ ಕಾಲದವರೆಗೂ ಇರಬೇಕು ಅಂದರೆ, ಕೋಲಾರದ ಕಡೆ ಅಂಗಡಿಗಳಲ್ಲಿ ಸಿಗುವ ಬಾಟಲಿಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು 300 ಮಿಲಿಯ ದುಂಡು ಗಾಜಿನ ಬಾಟಲಿ, ಅದಕ್ಕೆ 63 ಎಂಎಂ ತಗಡಿನ ಲಗ್ ಮುಚ್ಚಳ, ಅಂದರೆ ಒಳಂಚಿನ ಹಲ್ಲುಗಳಿಂದ ಬಾಟಲಿಯ ಬಾಯಿಗೆ ಕಚ್ಚಿಕೊಳ್ಳುವಂಥದ್ದು. ನೋಡಲು ತೀರಾ ಸಾಧಾರಣ. ಅಂಗಡಿಯವರು ಮುಂದೆ ತಂದಿಡುವುದು ಕ್ಲಿಪ್ ಜಾರ್, ಹಿಡಿಕೆ ಇರುವ ಮೇಸನ್ ಜಾರ್. ಕುದಿಯುವ ನೀರಿನಲ್ಲಿ ನಿಂತು, ಆರಿದ ಮೇಲೆ ಗಾಳಿಯಾಡದಂತೆ ಬಿಗಿಯುವ ಕೆಲಸದಲ್ಲಿ ಮಾತ್ರ ಈ ಸಾಧಾರಣ ಬಾಟಲಿಯೇ ಮುಂದು.

ಇದರ ಗುಟ್ಟೆಲ್ಲ ಮುಚ್ಚಳದಲ್ಲಿದೆ. ಮಗುಚಿ ನೋಡಿದರೆ ಅಂಚಿನ ಸುತ್ತ ಮೆತ್ತನೆಯ ಪ್ಲಾಸ್ಟಿಸಾಲ್ ಪಟ್ಟಿ ಕಾಣುತ್ತದೆ. ಬಿಸಿಗೆ ಅದು ಮೆದುವಾಗಿ ಬಾಟಲಿಯ ಬಾಯಿಗೆ ಅಚ್ಚಾಗಿ ಕೂರುತ್ತದೆ. ಕುದಿಯುವಾಗ ಒಳಗಿನ ಗಾಳಿ ಅದರ ಸಂದಿಯಿಂದಲೇ ಹೊರಗೆ ಹೋಗಿ, ಆರುವಾಗ ಒಳಗೆ ನಿರ್ವಾತ ಉಂಟಾಗಿ ಮುಚ್ಚಳ ಕೆಳಕ್ಕೆ ಎಳೆದುಕೊಳ್ಳುತ್ತದೆ. ನಡುವಿನ ಉಬ್ಬು ಟಕ್ ಅಂತ ಒಳಕ್ಕೆ ಹೋದರೆ ಸೀಲ್ ಆಯಿತು ಅಂತ ಲೆಕ್ಕ. ಹಾಗಾಗಿ ಮುಚ್ಚಳ ಒಂದು ಸಲಕ್ಕೆ ಮಾತ್ರ, ಬಾಟಲಿ ಒಡೆಯುವವರೆಗೂ ಬರುತ್ತದೆ. ಒಮ್ಮೆ ಅಚ್ಚು ಬಿದ್ದ ಪಟ್ಟಿ ಇನ್ನೊಂದು ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಒಳಗಿನ ಬಣ್ಣದ ಲೇಪ ಗೀರಿದ್ದರೆ ಹಣ್ಣಿನ ಹುಳಿ ತಗಡನ್ನು ತಿಂದು ಕಪ್ಪು ಚುಕ್ಕೆ ಬರುತ್ತದೆ. ಆದ್ದರಿಂದ ಬಿಡಿ ಮುಚ್ಚಳ ಮಾರುವ ಅಂಗಡಿಯನ್ನೇ ಹಿಡಿಯಿರಿ. ಬಾಟಲಿ ಜೊತೆಗಾದರೆ ಮಾತ್ರ ಮುಚ್ಚಳ ಕೊಡುತ್ತೇವೆ ಅನ್ನುವ ಕಡೆ ಎರಡನೇ ವರ್ಷ ಪರದಾಡಬೇಕಾಗುತ್ತದೆ.

ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿಸಿ ನೋಡಿ. ಬಾಟಲಿಯ ಬಾಯಿಯ ಮೇಲೆ ಮೆಲ್ಲಗೆ ಬೆರಳಾಡಿಸಿ. ಉಗುರಿಗೆ ತಗಲುವಷ್ಟು ಚಕ್ಕೆ ಎದ್ದಿದ್ದರೂ ಅದು ಸೀಲ್ ಆಗುವುದಿಲ್ಲ. ಮುಚ್ಚಳ ಇಟ್ಟು ತಿರುಗಿಸಿದರೆ ಕಾಲು ಸುತ್ತಿಗೆ ನಾಲ್ಕೂ ಹಲ್ಲು ಒಟ್ಟಿಗೆ ಕಚ್ಚಬೇಕು. ಒಂದು ಹಲ್ಲು ಮೊದಲೇ ಹಿಡಿದು ಮುಚ್ಚಳ ಓರೆಯಾದರೆ ಆ ಜೋಡಿ ಬೇಡ. ತಳದ ಗಾಜು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವುದು ಕುದಿಯುವಾಗ ತಳದ ಸುತ್ತ ಬಳೆಯಂತೆ ಸೀಳುತ್ತದೆ, ಅದನ್ನೂ ಬದಿಗಿಡಿ.

ಇನ್ನು ಜಾಮ್. ಎಂಥ ಬಾಟಲಿಯಾದರೂ ಸರಿಯಿಲ್ಲದ ಜಾಮನ್ನು ಕಾಪಾಡುವುದಿಲ್ಲ. ಪೂರ್ತಿ ಹಣ್ಣಾದ ಬಾದಾಮಿ ಅಥವಾ ರಸಪುರಿಯಲ್ಲಿ ಪರಿಮಳವಿದೆ, ಗಟ್ಟಿಗೊಳಿಸುವ ಪೆಕ್ಟಿನ್ ಕಡಿಮೆ, ಹುಳಿಯೂ ಕಡಿಮೆ. ದೋರೆಗಾಯಿ ತೋತಾಪುರಿಯಲ್ಲಿ ಎರಡೂ ಚೆನ್ನಾಗಿವೆ. ಶ್ರೀನಿವಾಸಪುರದ ಸುತ್ತ ತೋತಾಪುರಿ ಬೇಕಾದಷ್ಟು ಬೆಳೆಯುತ್ತದೆ, ಆದರೆ ಅದು ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವ ಹಣ್ಣು. 2025ರ ಜೂನ್‌ನಲ್ಲಿ, ಅಂಥ ಕಾರ್ಖಾನೆಗಳಿರುವ ಆಂಧ್ರದ ಚಿತ್ತೂರಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ಒಳಗೆ ಬಿಡದೆ ತಡೆದಾಗ ಇಲ್ಲಿನ ಬೆಳೆಗಾರರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಮನೆಗೆ ನಾಲ್ಕು ಕಿಲೋ ಜಾಸ್ತಿ ಕೊಂಡು ಜಾಮ್ ಮಾಡಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಹಣ್ಣಿಲ್ಲ.

ಅಳತೆ ಹೀಗೆ: ಬಾದಾಮಿ ತಿರುಳು 650 ಗ್ರಾಂ, ತೋತಾಪುರಿ ತಿರುಳು 350 ಗ್ರಾಂ, ಸಕ್ಕರೆ 750 ಗ್ರಾಂ, ಸಿಟ್ರಿಕ್ ಆಮ್ಲ 5 ಗ್ರಾಂ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡುತ್ತಾರೆ. ರುಚಿಗೆ ಅಂತ ಅಂದುಕೊಂಡು ಇದನ್ನು ಬಿಡಬೇಡಿ. ಬೊಟುಲಿಸಂ ಅನ್ನುವ, ಜೀವಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದಿರಲು ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ಕ್ಕಿಂತ ಕೆಳಗಿರಬೇಕು, ಚೆನ್ನಾಗಿ ಹಣ್ಣಾದ ಮಾವು ಆ ಗೆರೆಯ ಹತ್ತಿರ ಬರಬಹುದು, ದಾಟಲೂಬಹುದು. ಸಕ್ಕರೆ ಕಡಿಮೆ ಮಾಡುವ ಆಸೆಯೂ ಇಲ್ಲಿ ಬೇಡ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಜಾಮ್ ಅನ್ನಿಸಿಕೊಳ್ಳಲು ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು, ಅದಕ್ಕಿಂತ ತೆಳುವಾದದ್ದಕ್ಕೆ ಮುಚ್ಚಳ ತೆಗೆದ ವಾರದೊಳಗೆ ಬೂಷ್ಟು ಬಂದರೂ ಆಶ್ಚರ್ಯವಿಲ್ಲ.

ಹದ ಎಲ್ಲಿಗೆ ಬಂತು ಅನ್ನುವುದರಲ್ಲೇ ಹೆಚ್ಚು ಜನ ಎಡವುವುದು. ಅಡುಗೆ ಪುಸ್ತಕಗಳು 105 ಡಿಗ್ರಿ ಅನ್ನುತ್ತವೆ, ಅದು ಸಮುದ್ರ ಮಟ್ಟದ ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ 800 ಮೀಟರ್ ಮೇಲಿವೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಜಾಮ್ ಹದಕ್ಕೆ ಬರುವುದು ನೀರು ಕುದಿಯುವ ಬಿಸಿಗಿಂತ ನಾಲ್ಕೈದು ಡಿಗ್ರಿ ಮೇಲೆ, ಅಂದರೆ ಇಲ್ಲಿ 102ರ ಆಸುಪಾಸು. 105ರವರೆಗೆ ಕಾಯಿಸಿದರೆ ಅಂಟು ಪಾಕವಾಗಿ, ತಿಂಗಳೊಳಗೆ ಸಕ್ಕರೆ ಹರಳುಗಟ್ಟುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು: ಖಾಲಿ ಪಾತ್ರೆಯನ್ನು ಸೌಟಿನ ಸಮೇತ ಮೊದಲೇ ತೂಗಿ ಬರೆದಿಟ್ಟುಕೊಳ್ಳಿ. ಮೇಲಿನ ಅಳತೆಗೆ ಒಳಗಿನದು 1,350ರಿಂದ 1,400 ಗ್ರಾಂಗೆ ಇಳಿದಾಗ ಒಲೆ ಆರಿಸಿ. ತಟ್ಟೆಯ ಮೇಲೆ ತೊಟ್ಟು ಬಿಟ್ಟು ನೋಡುವುದಕ್ಕಿಂತ ಇದು ನಂಬಿಕೆಗೆ ಯೋಗ್ಯ. ಸಿಟ್ರಿಕ್ ಆಮ್ಲವನ್ನು ಎರಡು ಚಮಚ ನೀರಲ್ಲಿ ಕರಗಿಸಿ ಇನ್ನೇನು ಇಳಿಸಬೇಕು ಅನ್ನುವಾಗ ಹಾಕಿ. ಮೊದಲೇ ಹಾಕಿ ತುಂಬ ಹೊತ್ತು ಕುದಿಸಿದರೆ ಪೆಕ್ಟಿನ್ ಮುರಿದು ಜಾಮ್ ನೀರಾಗುತ್ತದೆ. ಪಾತ್ರೆ ದಪ್ಪ ತಳದ ಸ್ಟೀಲಿನದಾಗಿರಲಿ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಖಂಡಿತ ಬೇಡ.

ಇಷ್ಟಕ್ಕೆ 300 ಮಿಲಿಯ ಮೂರು ಬಾಟಲಿ ತುಂಬಿ ಸ್ವಲ್ಪ ಉಳಿಯುತ್ತದೆ. ಒಂದರಲ್ಲಿ ಸುಮಾರು 400 ಗ್ರಾಂ ಹಿಡಿಯುತ್ತದೆ, ತೆಗೆದ ಮೇಲೆ ಒಂದು ಮನೆಗೆ ಹಳಸುವ ಮೊದಲು ಮುಗಿಯುವ ಅಳತೆ. ಅರ್ಧ ಕಿಲೋ, ಒಂದು ಕಿಲೋ ಬಾಟಲಿಗಳ ಬದಲು ಇದನ್ನೇ ಹೇಳಲು ಅದೂ ಒಂದು ಕಾರಣ.

ಬಾಟಲಿಗಳನ್ನು ತಳದಲ್ಲಿ ಮಡಿಸಿದ ಬಟ್ಟೆ ಹಾಸಿದ ಆಳದ ಡಬರಿಯಲ್ಲಿ ಬಿಸಿ ನೀರಿನೊಳಗೇ ಇಟ್ಟಿರಿ, ಮುಚ್ಚಳಗಳನ್ನು ಬೇರೆ ಬಿಸಿ ನೀರಲ್ಲಿ. ತಣ್ಣನೆಯ ಬಾಟಲಿಗೆ ಕುದಿಯುವ ಜಾಮ್ ಸುರಿದರೆ ಗಾಜು ಸೀಳುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಮೇಲೆ ಕಾಲಂಗುಲ ಬಿಟ್ಟು ತುಂಬಿ, ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಾಯಿಯ ಮೇಲೆ ಉಳಿದ ಸಾಸಿವೆಯಷ್ಟು ಜಾಮ್ ಸಾಕು ಸೀಲ್ ಕೆಡಿಸಲು. ಮುಚ್ಚಳವನ್ನು ಬೆರಳ ತುದಿಯ ಬಿಗಿಗೆ ನಿಲ್ಲಿಸಿ. ತೋಳಿನ ಶಕ್ತಿಯೆಲ್ಲ ಹಾಕಿದರೆ ಹಲ್ಲು ಬಾಗುತ್ತದೆ, ಗಾಳಿ ಹೊರಗೆ ಹೋಗಲು ದಾರಿಯೂ ಇರುವುದಿಲ್ಲ. ಮುಚ್ಚಳದ ಮೇಲೆ ಒಂದಂಗುಲ ನೀರು ನಿಲ್ಲುವಂತೆ ಮುಳುಗಿಸಿ, ನೀರು ಕೊತಕೊತ ಕುದಿಯಲು ಹಿಡಿದ ಕ್ಷಣದಿಂದ 10 ನಿಮಿಷ ಎಣಿಸಿ. ಸಮುದ್ರ ಮಟ್ಟಕ್ಕೆ ಹೇಳಿರುವ 5 ನಿಮಿಷ ನಮ್ಮ ಎತ್ತರಕ್ಕೆ ಸಾಲದು. ಒಲೆ ಆರಿಸಿ ಐದು ನಿಮಿಷ ಬಿಟ್ಟು ಎತ್ತಿ, ಮರದ ಹಲಗೆ ಅಥವಾ ದಪ್ಪ ಟವೆಲ್ ಮೇಲಿಡಿ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಬೇಡ. ಅಡುಗೆಮನೆಯ ಇಕ್ಕಳ ಈ ದುಂಡು ಗಾಜಿನ ಮೇಲೆ ಜಾರುತ್ತದೆ, ಬಾಟಲಿಯ ಕೊರಳಿನಲ್ಲೂ ಹಿಡಿಯಲು ಉಬ್ಬಿದ ಅಂಚಿಲ್ಲ. ಈ ಬಾಟಲಿಯ ಬಗ್ಗೆ ಇರುವ ದೊಡ್ಡ ದೂರು ಇದೇ. ಅರ್ಧ ನೀರು ಮೊಗೆದು ಹಾಕಿ, ದಪ್ಪ ರಬ್ಬರ್ ಕೈಗವಸಿನಲ್ಲಿ ಎತ್ತುವುದು ಸುರಕ್ಷಿತ.

ಬಾಟಲಿ ತಲೆಕೆಳಗಾಗಿ ಇಟ್ಟರೆ ಸೀಲ್ ಆಗುತ್ತದೆ ಅನ್ನುವ ಮಾತಿದೆ. ಕುದಿಸುವುದಕ್ಕೆ ಅದು ಬದಲಿಯಲ್ಲ. ಬಿಸಿ ಜಾಮ್ ಪಟ್ಟಿಗೆ ಮೆತ್ತಿ ಸೀಲ್ ಕೂರದೆಯೂ ಹೋಗಬಹುದು. ಹನ್ನೆರಡು ಗಂಟೆ ಅಲುಗಾಡಿಸದೆ ಬಿಡಿ. ಆಮೇಲೂ ಉಬ್ಬು ಒತ್ತಿದರೆ ಟಿಕ್ ಟಿಕ್ ಅಂದರೆ ಸೀಲ್ ಆಗಿಲ್ಲ. ಅದನ್ನು ಫ್ರಿಜ್‌ನಲ್ಲಿಟ್ಟು ಮೊದಲು ಮುಗಿಸಿ, ಇಲ್ಲವೇ ಒಂದು ದಿನದೊಳಗೆ ಜಾಮ್ ಮತ್ತೆ ಬಿಸಿ ಮಾಡಿ ಹೊಸ ಮುಚ್ಚಳದೊಂದಿಗೆ ಕುದಿಸಿ. ಬೋರ್‌ವೆಲ್ ನೀರಲ್ಲಿ ಕುದಿಸಿದ ಬಾಟಲಿಗಳ ಮೇಲೆ ಬೂದಿ ಬಳಿದಂತೆ ಬಿಳಿ ಪೊರೆ ಬಂದರೆ ಅದು ಗಡಸು ನೀರಿನ ಸುಣ್ಣ. ಡಬರಿಗೆ ಒಂದೆರಡು ಚಮಚ ವಿನೆಗರ್ ಹಾಕಿದರೆ ಬರುವುದಿಲ್ಲ.

ಕ್ಲಿಪ್ ಜಾರ್ ಬಗ್ಗೆ ಹೇಳುವುದಾದರೆ, ಬೇಳೆ, ಒಣ ದ್ರಾಕ್ಷಿ ಇಡಲು ಚೆಂದ. ಅಗ್ಗದವುಗಳ ಗಾಜು ಕುದಿಸಲು ಮಾಡಿದ್ದಲ್ಲ. ಮೇಸನ್ ಹೆಸರಿನಲ್ಲಿ ಬರುವ ಬಹಳಷ್ಟಕ್ಕೆ ಸ್ಟ್ರಾ ತೂತಿರುವ ಒಂಟಿ ಮುಚ್ಚಳ, ಅದು ಜ್ಯೂಸ್ ಕುಡಿಯಲು. ನಿಜವಾದ ಎರಡು ತುಂಡಿನ ಮುಚ್ಚಳದ್ದು ಸಿಕ್ಕರೆ ಒಳ್ಳೆಯದೇ, ಆದರೆ ಅದರ ಚಪ್ಪಟೆ ಬಿಲ್ಲೆಯೂ ಒಂದೇ ಸಲಕ್ಕೆ, ಬದಲಿ ಬಿಲ್ಲೆ ಸಿಗುವುದನ್ನು ಖಾತ್ರಿ ಮಾಡಿಕೊಂಡೇ ಕೊಳ್ಳಿ.

ಚಿಕ್ಕಬಳ್ಳಾಪುರದ ಬೆಂಗಳೂರು ನೀಲಿ ದ್ರಾಕ್ಷಿಗೆ ಹುಳಿಯೂ ಪೆಕ್ಟಿನ್ನೂ ತಾನಾಗಿಯೇ ಇರುವುದರಿಂದ ಇದೇ ಬಾಟಲಿಯಲ್ಲಿ ಸುಲಭವಾಗಿ ಆಗುತ್ತದೆ. ತುಮಕೂರಿನ ಚೇಳೂರು ಕಡೆಯ ಹಲಸು ಹಾಗಲ್ಲ. ಹಲಸಿನಲ್ಲಿ ಹುಳಿ ಇಲ್ಲವೇ ಇಲ್ಲ ಅನ್ನಬಹುದು, ಮಾವಿನ ಅಳತೆಯ ಸಿಟ್ರಿಕ್ ಆಮ್ಲ ಸಾಲದು. ಪಿಎಚ್ ಅಳೆಯದೆ ಅದನ್ನು ಹೊರಗಿಡುವ ಜಾಮ್‌ಗೆ ಬಳಸಬೇಡಿ, ಫ್ರಿಜ್‌ಗೆ ಮಾಡಿಕೊಳ್ಳಿ. ಉಪ್ಪಿನಕಾಯಿಗೂ ಈ ಬಾಟಲಿ ಬೇಡ, ಉಪ್ಪು ತಗಡಿನ ಮುಚ್ಚಳಕ್ಕೆ ತುಕ್ಕು ಹಿಡಿಸುತ್ತದೆ, ಅದಕ್ಕೆ ಭರಣಿಯೇ ಸರಿ.

ಸೀಲ್ ಆದ ಬಾಟಲಿಯ ಮೇಲೆ ತಿಂಗಳು, ವರ್ಷ ಬರೆದು, ಬಿಸಿಲು ಬೀಳದ ಕಪಾಟಿನಲ್ಲಿಡಿ. ಬಳಸಲು ತೆಗೆಯುವ ಮೊದಲು ಮುಚ್ಚಳದ ಉಬ್ಬು ಒಳಕ್ಕೇ ಇದೆಯಾ ಅಂತ ಒಮ್ಮೆ ಒತ್ತಿ ನೋಡಿ. ಮೇಲೆದ್ದಿದ್ದರೆ, ಜಾಮ್ ಎಷ್ಟೇ ಚೆನ್ನಾಗಿ ಕಂಡರೂ ರುಚಿ ನೋಡದೆ ಚೆಲ್ಲಿಬಿಡಿ.