ಏಳು ಮಳೆಗಾಲ ಕಂಡ ಹೊರಗೋಡೆ: ಸಾದರಹಳ್ಳಿ ಕಲ್ಲು, ಟೆಕ್ಸ್ಚರ್ ಗಾರೆ ಮತ್ತು ಬಣ್ಣ

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನಮ್ಮದು 30-40ರ ಸೈಟು. ಮನೆಯ ಮುಖ ಪಶ್ಚಿಮಕ್ಕೆ. ಗೃಹಪ್ರವೇಶ ಆಗಿದ್ದು 2018ರ ಫೆಬ್ರವರಿಯಲ್ಲಿ. ನೆಲದಿಂದ ಮೂರು ಅಡಿವರೆಗೆ ಸಾದರಹಳ್ಳಿ ಕಲ್ಲು, ಅಂದರೆ ಬೂದು ಗ್ರಾನೈಟ್, ಹಾಕಿಸಿದ್ದೇವೆ. ಅದರ ಮೇಲೆ ಟೆಕ್ಸ್ಚರ್ (ತರಿ ಮೇಲ್ಮೈಯ) ಗಾರೆ, ಗಾರೆಗೆ ಅಕ್ರಿಲಿಕ್ ಎಮಲ್ಷನ್ ಬಣ್ಣ. ಗೇಟಿನ ಎರಡು ಕಂಬಕ್ಕೆ ಮಾತ್ರ ಹಳದಿ ಮರಳುಗಲ್ಲು. ಏಳು ಮಳೆಗಾಲ ಕಳೆದ ಮೇಲೆ ಯಾವುದು ಉಳಿದಿದೆ, ಯಾವುದು ಹೋಗಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಕಲ್ಲು ಆರಿಸಿ, ಆಮೇಲೆ ಬಣ್ಣ. ಇದನ್ನು ಯಾರಾದರೂ ನಮಗೆ ಮೊದಲೇ ಹೇಳಬೇಕಿತ್ತು. ಬಣ್ಣವನ್ನು ಯಾವ ದಸರಾಕ್ಕಾದರೂ ಬದಲಾಯಿಸಬಹುದು. ಗೋಡೆಗೆ ಅಂಟಿಸಿದ ಕಲ್ಲನ್ನು ಕೀಳಿಸುವುದು ಅಷ್ಟು ಸುಲಭ ಅಲ್ಲ, ಅಲ್ವಾ? ನಾವು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಶೇಡ್ ಕಾರ್ಡ್ ನೋಡಿ ಬೀಜ್ ಬಣ್ಣ ಒಪ್ಪಿಕೊಂಡೆವು. ಕಾರ್ಡಿನಲ್ಲಿ ತುಂಬಾ ಚೆನ್ನಾಗಿತ್ತು. ಒಂದು ಗೋಡೆಗೆ ಹಚ್ಚಿ ಆದ ಮೇಲೆ ಕಲ್ಲು ಬಂತು. ಸಾದರಹಳ್ಳಿ ಕಲ್ಲಿನ ಬೂದು ತಣ್ಣನೆಯ ಬೂದು, ಅದರ ತುಂಬ ಕಪ್ಪು ಚುಕ್ಕೆ. ಬೀಜ್‌ನಲ್ಲಿ ಹಳದಿ ಅಡಗಿರುತ್ತದೆ. ಎರಡೂ ಪಕ್ಕಪಕ್ಕ ಬಂದ ತಕ್ಷಣ ಹೊಸ ಗೋಡೆ ಮಾಸಿದ ಗೋಡೆಯ ಹಾಗೆ ಕಾಣಿಸಿತು. ಅಲ್ಲಿಗೇ ಕೆಲಸ ನಿಲ್ಲಿಸಿದೆವು.

ಆಮೇಲೆ ಐದು ಬಣ್ಣದ ಸಣ್ಣ ಡಬ್ಬಿ ತಂದು, ಗೋಡೆ ಮೇಲೆಯೇ ಮೂರಡಿಗೆ ಮೂರಡಿ ಹಚ್ಚಿಸಿದೆವು. ಪ್ರತಿಯೊಂದರ ಕೆಳಗೂ ಒಂದು ಕಲ್ಲು ಒರಗಿಸಿಟ್ಟೆವು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದೂವರೆಗೆ ನೋಡಿದೆವು. ಕಲ್ಲಿನ ಮೇಲೆ ನೀರು ಸುರಿದೂ ನೋಡಿದೆವು. ನೆನೆದ ಕಲ್ಲು ತುಂಬಾ ಕಪ್ಪಾಗುತ್ತದೆ, ಒಳ್ಳೆ ಬಣ್ಣ ಕುಡಿದ ಗೋಡೆ ಅಷ್ಟು ಬದಲಾಗುವುದಿಲ್ಲ. ನಮ್ಮೂರಿನಲ್ಲಿ ಮಳೆಗಾಲದ ತಿಂಗಳುಗಳು ಕಮ್ಮಿ ಏನಿಲ್ಲ, ಒದ್ದೆ ಮನೆಯೂ ಚೆನ್ನಾಗಿ ಕಾಣಬೇಕು.

ಕೊನೆಗೆ ಬೂದು ಬೆರೆತ ಬಿಳಿ ಬಣ್ಣ ಇಡೀ ಮನೆಗೆ, ಇಟ್ಟಿಗೆ ಕೆಂಪು ಮೆಟ್ಟಿಲಿನ ಗೋಡೆಗೆ. ಈ ಜೋಡಿ ಹೊಳೆದಿದ್ದು ಅಂಬೇಡ್ಕರ್ ಬೀದಿಯಲ್ಲಿ. ಒಂದು ಕಡೆ 1956ರಲ್ಲಿ ಮುಗಿದ ವಿಧಾನಸೌಧದ ಬೂದು ಗ್ರಾನೈಟ್, ಎದುರಿಗೆ ಅಠಾರಾ ಕಚೇರಿಯ (ಹೈಕೋರ್ಟ್ ಕಟ್ಟಡದ) ಕೆಂಪು. ಬಸ್ಸಿನಲ್ಲಿ ಎಷ್ಟೋ ಸಲ ಮಧ್ಯೆ ಹಾದು ಹೋಗಿದ್ದೆ. ಅವತ್ತು ಇಳಿದು ನಿಂತು ನೋಡಿದೆ.

ಕಲ್ಲಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮಳೆ ಜೋರಾಗಿ ಬಿದ್ದರೆ ಕೆಮ್ಮಣ್ಣು ನೆಲದಿಂದ ಎರಡಡಿ ಮೇಲಕ್ಕೆ ಚಿಮ್ಮುತ್ತದೆ. ಬೀದಿಯ ಬೇರೆ ಮನೆಗಳಲ್ಲಿ ಬುಡ ಕೆಂಪಾಗಿದೆ, ನಮ್ಮಲ್ಲಿ ಕಲ್ಲು ಅದನ್ನು ತಡೆದುಕೊಂಡಿದೆ. ಗ್ರಾನೈಟ್ ನೀರು ಹೀರುವುದು ತೀರಾ ಕಮ್ಮಿ. ಮರಳುಗಲ್ಲು ಹಾಗಲ್ಲ. ಗೇಟಿನ ಕಂಬಕ್ಕೆ ಹೊಳಪು ಬರಲಿ ಅಂತ ಕಲ್ಲಿನ ಅಂಗಡಿಯವರು ಲ್ಯಾಕರ್ ಹೊಡೆಸಿದರು. ಮೂರನೇ ವರ್ಷಕ್ಕೆ ಅದು ಹಳದಿ ತಿರುಗಿ ಸಿಪ್ಪೆ ಏಳತೊಡಗಿತು. ಒಳಗೆ ಸಿಕ್ಕಿಕೊಂಡ ತೇವದಿಂದ ಕಪ್ಪು ಕಲೆಗಳೂ ಆದವು. ಅಷ್ಟನ್ನೂ ಉಜ್ಜಿ ತೆಗೆಸಿ, ಕಲ್ಲಿನೊಳಗೆ ಇಳಿಯುವ, ಮೇಲೆ ಪದರ ಕಟ್ಟದ ಸೀಲರ್ ಹಾಕಿಸಿದೆವು. ಈಗ ಪರವಾಗಿಲ್ಲ. ಆದರೆ ಇನ್ನೊಮ್ಮೆ ಕಟ್ಟಿಸಿದರೆ ಹೊರಗೆ ಮರಳುಗಲ್ಲು ಬೇಡ.

ಗಾರೆ ವಿಷಯದಲ್ಲಿ ನನಗೆ ಇನ್ನೂ ಬೇಜಾರಿದೆ. ಹೊಸ ಗಾರೆ ಕ್ಯೂರಿಂಗ್ ಆಗಿ ಚೆನ್ನಾಗಿ ಒಣಗಲು ಕನಿಷ್ಠ 28 ದಿನ ಬಿಡಬೇಕು. ಮುಹೂರ್ತ ಹತ್ತಿರ ಇದೆ ಅಂತ ನಮ್ಮ ಕಾಂಟ್ರ್ಯಾಕ್ಟರ್ ಪೂರ್ವದ ಗೋಡೆಗೆ ಎರಡೇ ವಾರಕ್ಕೆ ಪ್ರೈಮರ್ ಹೊಡೆಸಿಬಿಟ್ಟರು. ನಾನೂ ತಡೆಯಲಿಲ್ಲ. ಆ ವರ್ಷವೇ ಗೋಡೆ ಉಪ್ಪು ಬಿಟ್ಟಿತು. ಬಿಳಿ ಪುಡಿ, ಅಲ್ಲಲ್ಲಿ ಬಣ್ಣದ ಗುಳ್ಳೆ. ಅದನ್ನು ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ನಾವು ಒಣ ಬ್ರಷ್‌ನಿಂದ ಕೆರೆಸಿ, ಒಂದು ಬೇಸಿಗೆ ಪೂರ್ತಿ ಗೋಡೆ ಹಾಗೇ ಬಿಟ್ಟೆವು. ಆಮೇಲೆ ಕ್ಷಾರ ತಡೆಯುವ ಪ್ರೈಮರ್, ಎರಡು ಕೋಟು ಬಣ್ಣ. ಮತ್ತೆ ಬಂದಿಲ್ಲ.

ಟೆಕ್ಸ್ಚರ್ ಆರಿಸುವಾಗ ಅಡ್ಡಗೆರೆಯದ್ದು ಬೇಡವೇ ಬೇಡ. ನಮ್ಮ ಮುಂದಿನ ಗೋಡೆಗೆ ಅದೇ ಇದೆ. ಪ್ರತಿ ಗೆರೆಯೂ ಒಂದು ಸಣ್ಣ ಶೆಲ್ಫ್ ಇದ್ದ ಹಾಗೆ, ಬೇಸಿಗೆಯ ಧೂಳೆಲ್ಲ ಅಲ್ಲಿ ಕೂರುತ್ತದೆ. ಮೊದಲ ಮಳೆಗೆ ಕಂಬನಿಯ ಹಾಗೆ ಕೆಳಗೆ ಇಳಿಯುತ್ತದೆ. ಪಕ್ಕದ ಗೋಡೆಯ ಸಣ್ಣ ಹರಳಿನ ಟೆಕ್ಸ್ಚರ್ ಪೈಪಿನಲ್ಲಿ ನೀರು ಬಿಟ್ಟರೆ ಸಾಕು, ತೊಳೆದು ಹೋಗುತ್ತದೆ. ಪ್ಯಾರಾಪೆಟ್ ಮೇಲಿಂದ ಇಳಿಯುತ್ತಿದ್ದ ಕಪ್ಪು ಪಟ್ಟಿಗಳು ನಿಂತಿದ್ದು 2021ರಲ್ಲಿ ಮೇಲೆ ಕಲ್ಲು ಹಾಸಿಸಿದ ಮೇಲೆ. ಕಲ್ಲು ತಾರಸಿ ಕಡೆಗೆ ಇಳಿಜಾರು, ಹೊರಗೆ ಎರಡು ಇಂಚು ಚಾಚಿದೆ, ಅಡಿಯಲ್ಲಿ ನೀರು ಗೋಡೆಗೆ ಹರಿಯದೆ ತುಂಡಾಗಿ ಬೀಳಲು ಉದ್ದಕ್ಕೂ ಕೊರೆದ ಒಂದು ಸಣ್ಣ ತೋಡು. ಸಣ್ಣ ಕೆಲಸ, ಆದರೆ ಬಣ್ಣಕ್ಕಿಂತ ಜಾಸ್ತಿ ಮನೆಯನ್ನು ಕಾಪಾಡಿದ್ದು ಅದೇ.

ಉತ್ತರದ ಗೋಡೆಗೆ ಬಿಸಿಲು ಕಮ್ಮಿ, ವರ್ಷಕ್ಕೊಮ್ಮೆ ಪಾಚಿ ತೊಳೆಸುತ್ತೇವೆ. ಪಶ್ಚಿಮದ ಕಥೆಯೇ ಬೇರೆ. ಅಲ್ಲಿ ಬಾಲ್ಕನಿಗೆ ಮಗಳು ಆಸೆಪಟ್ಟ ನಿಂಬೆ ಹಳದಿ ಎರಡೇ ಬೇಸಿಗೆಗೆ ಪೇಲವವಾಯಿತು. ಅದೇ ಬಿಸಿಲಿನಲ್ಲಿ ಇಟ್ಟಿಗೆ ಕೆಂಪು ಇವತ್ತಿಗೂ ಗಟ್ಟಿಯಾಗಿದೆ. ಇಟ್ಟಿಗೆ ಕೆಂಪು, ಕಾವಿ, ಮಣ್ಣು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವುದು ಕಬ್ಬಿಣದ ಆಕ್ಸೈಡ್, ಅಂದರೆ ಒಂದು ಥರ ತುಕ್ಕೇ. ಬಿಸಿಲಿಗೆ ಅದು ಕೆಡುವುದಿಲ್ಲ. ಮಿರಿಮಿರಿ ಹಳದಿ, ನೇರಳೆ, ಗುಲಾಬಿಗಳಿಗೆ ಹಾಕುವ ಎಷ್ಟೋ ಪಿಗ್ಮೆಂಟ್‌ಗಳು ಬಿಸಿಲಿಗೆ ಒಡೆದು ಹೋಗುತ್ತವೆ. ಪಶ್ಚಿಮಕ್ಕೆ ಮುಖ ಇರುವವರು ಇದನ್ನು ದಯವಿಟ್ಟು ನೆನಪಿಡಿ.

ಮಾರ್ಚ್‌ನಲ್ಲಿ ಪಶ್ಚಿಮದ ಆ ಮುಂದಿನ ಗೋಡೆಗೆ ಮತ್ತೆ ಸಾರ್ವೆ ಕಟ್ಟಿಸುತ್ತಿದ್ದೇವೆ. ಅಡ್ಡಗೆರೆ ತುಂಬಿಸಿ ಸಣ್ಣ ಹರಳು, ಬಾಲ್ಕನಿಗೆ ಕಾವಿ. ಮಗಳು ಈ ಸಲ ಕಲ್ಲಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಬಂದಳು. ಕೆಳಗಿನ ಸಾದರಹಳ್ಳಿ ಕಲ್ಲಿಗೆ ಏನೂ ಮಾಡಿಸುವುದಿಲ್ಲ. ನೀರು ಮತ್ತು ತೆಂಗಿನ ನಾರಿನ ಬ್ರಷ್ ಅಷ್ಟೇ.