‘ಎಲ್ಲಿಂದ ಬೇಕಾದ್ರೂ ಓಪನ್ ಆಗುತ್ತೆ ಮೇಡಂ’ ಅಂದವನಿಗೆ 2,500 ಕೊಟ್ಟೆ

ತುಮಕೂರಿನಲ್ಲಿ ಮನೆ ಕಂಪ್ಯೂಟರನ್ನು ಹೊರಗಿನಿಂದ ಬಳಸುವ ಹಾಗೆ ಮಾಡಿಸಿಕೊಳ್ಳಬೇಕು ಅಂತಿದ್ದೀರಾ? ಮೊದಲು ಇದನ್ನು ಓದಿ. ಬರೆಯಲು ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವಳು. ಜೊತೆಗೆ ಮಂಡಿಪೇಟೆಯ ಆರು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಇರುವುದು ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ. ಅದನ್ನೇ ಸರ್ವರ್ ಥರ ಹಗಲೂ ರಾತ್ರಿ ಆನ್ ಇಟ್ಟು, ರೈಲಿನಲ್ಲೇ ಎಂಟ್ರಿ ಹಾಕೋಣ ಅಂತ ಆಸೆ. ಪರಿಚಯದವರು ಒಬ್ಬ ಹುಡುಗನನ್ನು ಕಳಿಸಿದರು. ಅರ್ಧ ಗಂಟೆ ಕೆಲಸಕ್ಕೆ 2,500 ರೂಪಾಯಿ. ಸ್ಟ್ಯಾಟಿಕ್ ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ಮನೆಗೆ ಬದಲಾಗದ ವಿಳಾಸ, ಅದರ ದುಡ್ಡು ಬೇರೆ.

ಅವನು ಮಾಡಿದ್ದು ಇಷ್ಟೇ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ರೂಟರ್‌ನಲ್ಲಿ ಅದರ ಬಾಗಿಲಾದ 3389 ಪೋರ್ಟನ್ನು ಇಂಟರ್ನೆಟ್‌ನಿಂದ ನೇರ ಈ ಕಂಪ್ಯೂಟರಿಗೆ ತಿರುಗಿಸಿದ. ಪಾಸ್‌ವರ್ಡ್ ‘admin123’. “ನಿಮಗೆ ನೆನಪಿರ್ಲಿ ಅಂತ ಸುಲಭದ್ದೇ ಇಟ್ಟಿದ್ದೀನಿ ಮೇಡಂ” ಅಂದ. ನಾನು ನಕ್ಕು ಕಾಫಿ ಕೊಟ್ಟೆ. ಕಾಫಿ ಬೇರೆ ಕೊಟ್ಟೆ!

ಮೂರು ವಾರ ಚೆನ್ನಾಗೇ ನಡೀತು. ರೈಲು ಹಿರೇಹಳ್ಳಿ ದಾಟುವಷ್ಟರಲ್ಲಿ ಹತ್ತು ಬಿಲ್ ಮುಗಿಸುತ್ತಿದ್ದೆ. 18ನೇ ತಾರೀಖು ಬೆಳಿಗ್ಗೆ ನೋಡಿದರೆ ಟ್ಯಾಲಿ ತೆರೆಯುತ್ತಿಲ್ಲ. ಎಲ್ಲ ಫೈಲಿನ ಹೆಸರಿಗೂ ಏನೋ ಬಾಲ ಅಂಟಿಕೊಂಡಿದೆ. ಪ್ರತಿ ಫೋಲ್ಡರಿನಲ್ಲೂ ಒಂದು ನೋಟ್‌ಪ್ಯಾಡ್ ಫೈಲು: ಫೈಲು ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕಳಿಸಿ. ಬ್ಯಾಕಪ್ ಡಿಸ್ಕನ್ನೂ ಅದಕ್ಕೇ ಸಿಕ್ಕಿಸಿಟ್ಟಿದ್ದೆ. ಅದೂ ಹೋಯಿತು. ಅದು ನನ್ನ ತಪ್ಪು, ಒಪ್ಪುತ್ತೇನೆ. ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸಲು 20ನೇ ತಾರೀಖು ಕೊನೆ, ಆಮೇಲೆ ಒಂದೊಂದು ಅಂಗಡಿಗೂ ದಿನಕ್ಕೆ 50 ರೂಪಾಯಿ ಲೇಟ್ ಫೀ.

ಅವನಿಗೆ ಫೋನ್ ಮಾಡಿದೆ. “ನೀವೇ ಯಾವುದೋ ಲಿಂಕ್ ಒತ್ತಿರ್ತೀರಾ ಮೇಡಂ.” ಇಲ್ಲಪ್ಪ ಅಂದೆ. “ಹಾಗಾದ್ರೆ ಮನೇಲಿ ಮಕ್ಕಳು ಗೇಮ್ ಹಾಕಿರ್ತಾರೆ.” ಮನೆಯಲ್ಲಿರುವುದು ನಾನು, ನಮ್ಮತ್ತೆ. ಅತ್ತೆ ಟಿವಿ ರಿಮೋಟನ್ನೇ ಮುಟ್ಟುವುದಿಲ್ಲ.

ಸಂಜೆ ಅಕ್ಕನ ಮಗ ಬಂದು, ಕಂಪ್ಯೂಟರಿನಲ್ಲಿ ಏನೇನಾಯಿತು ಅಂತ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದ. 4625, 4625, 4625. ಎಷ್ಟು ಕೆಳಗೆ ಹೋದರೂ ಅದೇ. ಒಂದೊಂದೂ ಯಾರೋ ತಪ್ಪು ಪಾಸ್‌ವರ್ಡ್ ಹಾಕಿ ನೋಡಿದ್ದರ ಗುರುತಂತೆ. ರಾತ್ರಿ 2:40ಕ್ಕೆ ಹೊರಗಿನಿಂದ ಒಂದು 4624. ಅಂದರೆ ಒಳಗೆ ಬಂದರು. “ಚಿಕ್ಕಮ್ಮ, ಬೀಗ ಒಡೆದಿಲ್ಲ. ಕೀ ಹಾಕ್ಕೊಂಡೇ ಬಂದಿದ್ದಾರೆ” ಅಂದ. ಅಲ್ಲೇ ಕುಸಿದು ಕೂತೆ.

ಮತ್ತೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವನ ಉತ್ತರ ಕೇಳಿ: “ಎಲ್ಲಿಂದ ಬೇಕಾದ್ರೂ ಓಪನ್ ಆಗ್ಬೇಕು ಅಂತ ನೀವೇ ಹೇಳಿದ್ದಲ್ವಾ ಮೇಡಂ? ಆಗ್ತಿದೆಯಲ್ಲ!”

3389 ಅನ್ನು ಸೀದಾ ಹೊರಗೆ ತೆಗೆಯುವವನನ್ನು ಬಾಗಿಲಲ್ಲೇ ಕಳಿಸಿ. ಈಗ ಅಕ್ಕನ ಮಗ ಟೇಲ್‌ಸ್ಕೇಲ್ ಹಾಕಿಕೊಟ್ಟಿದ್ದಾನೆ, ನಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಸಾಫ್ಟ್‌ವೇರ್. ರೂಟರ್ ಮುಟ್ಟಲೇ ಇಲ್ಲ, ಸ್ಟ್ಯಾಟಿಕ್ ಐಪಿನೂ ಬೇಡವಂತೆ. ಸ್ವಂತ ಬಳಕೆಗೆ ಪುಕ್ಕಟೆಯಂತೆ. ನಾನು ಸುಮ್ನೆ ದುಡ್ಡು ಕಟ್ಟಿದೆ. ಬ್ಯಾಕಪ್ ಡಿಸ್ಕ್ ಈಗ ಬೀರುವಿನಲ್ಲಿದೆ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ದೂರು ಕೊಟ್ಟಿದ್ದೇನೆ.

ಅಡಿಕೆ ಮಂಡಿಯ ಯಜಮಾನರು ಬೈಯಲಿಲ್ಲ. “ನಮ್ಮ ಲೆಕ್ಕ ಈಗ ಯಾರ ಹತ್ತಿರ ಇದೆಯಮ್ಮಾ?” ಅಂದರು. ಬೈದಿದ್ದರೇ ವಾಸಿಯಿತ್ತು. ಚೀಲಗಟ್ಟಲೆ ಬಿಲ್ ತಂದು ಮತ್ತೆ ಮೊದಲಿಂದ ಹಾಕುತ್ತಿದ್ದೇನೆ.

ನಿನ್ನೆ ಆ ಹುಡುಗನ ಮೆಸೇಜ್ ಬಂತು. “ಫಾರ್ಮ್ಯಾಟ್ ಮಾಡ್ಕೊಡ್ತೀನಿ ಮೇಡಂ, ನಿಮಗೆ ಅಂತ 800.”